ಕೌದಿಯ ಕೆಳಗಿನ ಕೈ

ಇಂಥ ಕತೆಯನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ನೀರು ಕುಡಿದು ಬರುವವಳು ನಾನು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯರು ದೆವ್ವದ ಮಾತು ತೆಗೆದರೆ, ‘ನೋಡಿದವರು ಯಾರು? ಎಷ್ಟು ದೂರದಿಂದ? ಬೆಳಕಿತ್ತೇ?’ ಎಂದು ಕೇಳಿ ಅವರ ರುಚಿ ಕೆಡಿಸುತ್ತಿದ್ದೆ. ಈಗ ಅವೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಕೇಳಿ. ನನ್ನ ಹತ್ತಿರ ಇದ್ದಷ್ಟು ಉತ್ತರ ಕೊಡುತ್ತೇನೆ. ಇಲ್ಲದ್ದನ್ನು ಕಟ್ಟಿ ಹೇಳುವುದಿಲ್ಲ. ಹಾಗೆ ಕಟ್ಟಿ ಹೇಳುವ ಅವಕಾಶ ಇದು ನಡೆದ ದಿನವೇ ನನ್ನ ಮುಂದೆ ಬಂದಿತ್ತು. ಬಳಸಿಕೊಂಡಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

ನನ್ನ ಗಂಡ ಗಿರೀಶನ ಮನೆತನದ್ದು ಸಾಂಗ್ಲಿಯಲ್ಲಿ ಅರಿಶಿನದ ಅಡತಿ ಅಂಗಡಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವುದು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಹೋಗಿ ಅಲ್ಲಿ ನಿಂತವರು. ಮನೆಯಲ್ಲಿ ಹಿರಿಯರು ಕನ್ನಡ ಆಡುತ್ತಾರೆ, ಲೆಕ್ಕ ಮರಾಠಿಯಲ್ಲಿ, ಜಗಳ ಎರಡರಲ್ಲೂ. ನಾನು ಮಿರಜದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯ ರೋಗಿಗಳು ರಾತ್ರಿಯ ರೈಲಿನಲ್ಲಿ ಬಂದು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬೆಳಕು ಹರಿಯುವ ಮೊದಲೇ ಸಾಲು ಹಚ್ಚಿರುತ್ತಾರೆ. ಅವರ ಮಾತು ತಿಳಿಯುವವರು ಬೇಕೆಂದು ನನಗೆ ಬೆಳಗಿನ ಪಾಳಿಯೇ ಖಾಯಂ ಆಗಿತ್ತು.

ಇನ್ನು ಬೆರಳಿನ ಮಾತಿಗೆ ಬರುತ್ತೇನೆ, ಅದು ತಿಳಿಯದೆ ಮುಂದಿನದು ತಿಳಿಯದು. ಈಗ ಅರಿಶಿನದ ಹರಾಜು ಕೂಗಿ ನಡೆಯುತ್ತದೆ. ಹಿಂದೆ ಕೊಳ್ಳುವವನೂ ಮಾರುವವನೂ ಒಂದು ರುಮಾಲಿನ ಕೆಳಗೆ ಕೈ ಹಿಡಿದು, ತುಟಿ ಬಿಚ್ಚದೆ ವ್ಯವಹಾರ ಮುಗಿಸುತ್ತಿದ್ದರಂತೆ. ಒಂದೊಂದು ಬೆರಳಿಗೆ ಒಂದೊಂದು ಅರ್ಥ. ಕೊನೆಗೆ ಇಡೀ ಅಂಗೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದರೆ ಸೌದಾ ಪಕ್ಕಾ. ಆಮೇಲೆ ಹಿಂದೆ ಸರಿದವನ ಮುಖವನ್ನು ಪೇಟೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಮನೆಯ ಗಂಡುಮಕ್ಕಳು ಈ ವಿದ್ಯೆಯನ್ನು ಇನ್ನೂ ಕಲಿಯುತ್ತಾರೆ. ಹೆಂಗಸರಿಗೆ ಕಲಿಸುವ ರೂಢಿ ಇಲ್ಲ. ಗಿರೀಶ ಮದುವೆಯಾದ ಹೊಸದರಲ್ಲಿ, ಮಾಳಿಗೆಯ ಮೇಲೆ ಕೂತು, ಆಟಕ್ಕೆಂದು ನನಗೆ ಕಲಿಸಿದ.

ಆ ಮನೆಯಲ್ಲಿ ಹಿರಿಯರೆದುರು ಗಂಡ ಹೆಂಡತಿ ಮಾತಾಡುವಂತಿಲ್ಲ. ಹಾಗಾಗಿ ಸಂಜೆ ಎಲ್ಲರೂ ಟಿ.ವಿ. ಮುಂದೆ ಕೂತಾಗ ನನ್ನ ಸೆರಗೋ ಹೊದಿಕೆಯೋ ನಮಗೆ ರುಮಾಲಾಯಿತು. ತೋರುಬೆರಳು ಹಿಡಿದರೆ ‘ಮಾಳಿಗೆಗೆ ಬಾ’. ಎರಡು ಬೆರಳು ಹಿಡಿದರೆ ‘ಭೇಳ್ ತಿನ್ನಲು ಹೋಗೋಣ’. ಕಿರುಬೆರಳು ಜಗ್ಗಿದರೆ ‘ಕಾಕಾ ಹಳೇ ಕತೆ ತೆಗೆದರು, ತಪ್ಪಿಸಿಕೊ’; ಕಾಕಾ ಎಂದರೆ ಮಾವನವರ ತಮ್ಮ. ಒಮ್ಮೆ ಅತ್ತೆಯ ಮೊಣಕಾಲಿಗೆ ಎಣ್ಣೆ ತರುತ್ತೇವೆಂದು ಹೊರಟು, ಭೇಳ್ ತಿಂದು, ಎಣ್ಣೆ ಮರೆತು ಬಂದಿದ್ದೆವು. ಅತ್ತೆ ‘ಎಣ್ಣಿ ಭಾಳ ಉಳ್ಳಾಗಡ್ಡಿ ವಾಸನಿ ಹೊಡಿತೈತಲ್ಲ’ ಎಂದಷ್ಟೇ ಹೇಳಿ ಒಳಗೆ ಹೋದರು.

ಮೂರು ಬೆರಳು ಒಟ್ಟಿಗೆ ಹಿಡಿದರೆ ಮಾತ್ರ ಆಟವಲ್ಲ. ಅದರ ಅರ್ಥ ‘ಮಿರಜದ ಮನೆ’.

ಮಿರಜದಲ್ಲಿ ಸಿತಾರ ಮಾಡುವವರ ಗಲ್ಲಿಯ ಹಿಂದೆ ಎರಡು ಕೋಣೆಯ ಒಂದು ಮನೆ ನೋಡಿದ್ದೆವು. ಸಾಂಗ್ಲಿಯಿಂದ ದೂರವೇನಲ್ಲ, ಷೇರ್ ಆಟೋ ಹತ್ತಿ ಒಂದು ನಿದ್ದೆ ಬರುವುದರೊಳಗೆ ಇಳಿಯಬೇಕು. ಆದರೆ ಬೆಳಗಿನ ಪಾಳಿಯ ಸೊಸೆ ಮನೆಯ ಬೆಳಗಿನ ಕೆಲಸಕ್ಕೆ ಸಿಗುವುದಿಲ್ಲವೆಂಬುದು ಮಾವನವರ ತಕರಾರು. ಕೆಲಸ ಬಿಡು ಎಂದರು. ನಾನು ಬಿಡುವುದಿಲ್ಲ, ಮಿರಜದಲ್ಲಿ ಮನೆ ಮಾಡುತ್ತೇವೆ ಎಂದೆ. ‘ಒಂದ ಆಟೋದ ದೂರಕ್ಕ ಬ್ಯಾರೆ ಮನಿ? ಊರ ನಗತೈತಿ’ ಎಂದರು. ಗಿರೀಶ ಮಾಳಿಗೆಯ ಮೇಲೆ ನನ್ನ ಕಡೆ, ಕೆಳಗೆ ಯಾರ ಕಡೆಯೂ ಅಲ್ಲ. ಪೇಟೆಯ ಗದ್ದಲದಲ್ಲಿ ಗಂಟಲು ಹರಿಯುವಂತೆ ಕೂಗಬಲ್ಲ ಮನುಷ್ಯ, ಅಪ್ಪನೆದುರು ನೆಲ ನೋಡುತ್ತ ಕೂರುತ್ತಿದ್ದ.

ಸಂಕ್ರಾಂತಿ ಕಳೆದು ಕೆಲವು ದಿನ ಆಗಿತ್ತು. ಚಳಿ ಇನ್ನೂ ಇತ್ತು. ನನಗೆ ಸಣ್ಣಗೆ ಜ್ವರ, ಅದನ್ನು ಮುಚ್ಚಿಡುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ, ಬಲಕ್ಕೆ ಗೋಡೆಗೆ ಹತ್ತಿ, ಕಾಲ ಮೇಲೆ ಕೌದಿ ಎಳೆದುಕೊಂಡು ಕೂತಿದ್ದೆ. ಗಿರೀಶ ಅಂಗಡಿಯಿಂದ ಬಂದವನು ನನ್ನ ಎಡಕ್ಕೆ ಕೂತು ಕೌದಿಯ ಇನ್ನೊಂದು ತುದಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. ಮಾವ ಎದುರಿಗೆ ತೂಗುಮಣೆಯ ಮೇಲಿದ್ದರು. ಕಾಕಾ ಬಾಗಿಲ ಹತ್ತಿರ ಅಡಕೆ ಕತ್ತರಿಸುತ್ತಿದ್ದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು.

‘ಮಿರಜದ ಮಾತು ಇವತ್ತು ಮುಗಿಸಿಬಿಡೂಣು’ ಎಂದರು ಮಾವ. ಅಷ್ಟರಲ್ಲಿ ಕರೆಂಟು ಹೋಯಿತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕತ್ತಲೆಯಲ್ಲಿ ತೂಗುಮಣೆಯ ಸರಪಳಿ ಕಿರುಗುಡುತ್ತಲೇ ಇತ್ತು. ಕಾಕಾನ ಅಡಕೊತ್ತು ಕಟ್ ಕಟ್ ಎನ್ನುತ್ತಿತ್ತು. ಗ್ಯಾಸಿನ ಉರಿಯ ಬೆಳಕಿಗೇ ಅತ್ತೆ ರೊಟ್ಟಿ ಬಡಿಯುತ್ತಿದ್ದ ಸದ್ದೂ ನಿಂತಿರಲಿಲ್ಲ. ‘ಬೆಳಕ್ಯಾಕ ಬೇಕು, ಬಾಯಿ ಐತಲ್ಲ. ಗಿರೀಶ, ನೀ ಏನಂತಿ?’ ಎಂದು ಮಾವ ಕೇಳಿದರು.

ಉತ್ತರ ಬರಲಿಲ್ಲ. ಅವನ ಎಂದಿನ ಮೌನ ಎಂದುಕೊಂಡೆ. ಕೌದಿಯ ಕೆಳಗೆ ಎಡಗೈ ಚಾಚಿದೆ. ಕೈ ಸಿಕ್ಕಿತು. ಮೂರು ಬೆರಳು ಒಟ್ಟಿಗೆ ಹಿಡಿದೆ. ಆ ಕೈ ಸ್ವಲ್ಪ ಹೊತ್ತು ಅಲುಗದೆ ಇತ್ತು, ಯೋಚಿಸುವವರ ಹಾಗೆ. ಆಮೇಲೆ ಹೆಬ್ಬೆರಳಿನಿಂದ ನನ್ನ ಮಣಿಕಟ್ಟಿನ ಮೇಲೆ ಅಡ್ಡಕ್ಕೆ ನಿಧಾನವಾಗಿ ಒಂದು ಗೆರೆ ಎಳೆಯಿತು. ಆ ಸನ್ನೆ ನನಗೆ ಗೊತ್ತಿರಲಿಲ್ಲ. ಅದರ ಬೆನ್ನಿಗೇ ಇಡೀ ಅಂಗೈ ಹಿಡಿದು, ಬಳೆ ಮಾಂಸಕ್ಕೆ ಒತ್ತುವಷ್ಟು ಗಟ್ಟಿಯಾಗಿ, ಒಮ್ಮೆ ಒತ್ತಿತು.

ನಾನು ಕತ್ತಲೆಗೆ ಮುಖ ಮಾಡಿ ಹೇಳಿದೆ: ‘ಮಾವಾರ, ನಾವು ಮಿರಜಕ್ಕ ಹೋಗ್ತೇವ್ರಿ. ನಾ ಕೆಲಸ ಬಿಡೂದಿಲ್ಲ. ಇಬ್ಬರೂ ಒಪ್ಪೇವಿ.’

ಸರಪಳಿಯ ಸದ್ದು ನಿಂತಿತು. ಆಗ ಅಂಗಳದ ಕಡೆಯಿಂದ ಗಿರೀಶನ ದನಿ ಬಂತು. ‘ನಮ್ಮ ಫ್ಯೂಜ್ ಸರಿ ಐತಿ. ಇಡೀ ಗಲ್ಲೀದ ಹೋಗೈತಿ.’ ಮೊಬೈಲಿನ ಬೆಳಕು ಹಿಡಿದು ಬಾಗಿಲಲ್ಲಿ ನಿಂತ. ‘ಯಾಕ, ಎಲ್ಲಾರೂ ಸುಮ್ಮನಾದ್ರಿ?’

ಬೆಳಕು ನನ್ನ ಎಡಕ್ಕೆ ಬಿತ್ತು. ಅಲ್ಲಿ ಕೌದಿ ನೆಲಕ್ಕೆ ಚಪ್ಪಟೆಯಾಗಿ ಬಿದ್ದಿತ್ತು. ಕೈ ಯಾವಾಗ ಬಿಟ್ಟಿತೋ ನನಗೆ ಗೊತ್ತಾಗಿರಲಿಲ್ಲ. ಕರೆಂಟು ಹೋದ ಕೂಡಲೇ ಗಿರೀಶ ಕಾಕಾನ ಕಾಲು ದಾಟಿ ಮೀಟರ್ ನೋಡಲು ಹೋಗಿದ್ದ. ಕಾಕಾಗೆ ಅವನ ಕಾಲು ತಾಗಿದ್ದು ನೆನಪಿತ್ತು.

‘ಕಾಯ ಸೂನಬಾಯಿ, ಇಬ್ಬರು ಅಂದ್ರ ಯಾರ್ಯಾರವಾ?’ ಎಂದು ಮರಾಠಿ ಬೆರೆಸಿ ಸೊಸೆಯನ್ನು ವಿಚಾರಿಸಿದರು ಕಾಕಾ. ‘ನಿನ್ನ ಗಂಡ ಹೊರಗಿದ್ದ.’

ಸುಳ್ಳು ಹೇಳಲು ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಬೆರಳಿನ ಮಾತೂ ಅದರ ಜೊತೆಗೆ ಬಯಲಾಯಿತು. ಗಿರೀಶನ ಕಿವಿ ಕೆಂಪಾಗಿದ್ದು ಆ ಮಬ್ಬಿನಲ್ಲೂ ಕಂಡಿತು. ಕಾಕಾ ನಕ್ಕುಬಿಟ್ಟರು. ‘ಅಲ್ಲೋ ಗಿರೀಶ, ಪೇಟಿ ವಿದ್ಯಾ ಹೇಣ್ತಿಗೆ ಕಲಿಸಿದಿ? ನಾಳೆ ಅಕಿನ ಅಂಗಡಿ ಗಾದಿ ಮ್ಯಾಲ ಕುಂದರಸ್ತಿ!’ ಮಣಿಕಟ್ಟಿನ ಗೆರೆಯ ಮಾತಿಗೆ ಬಂದಾಗ ಅವರ ನಗೆ ನಿಂತಿತು, ಆ ಸನ್ನೆ ಅವರಿಗೂ ಹೊಸದು.

ಮಾವ ಎದ್ದು ಬಂದು ನನ್ನ ಎಡಗಡೆಯ ಖಾಲಿ ಜಾಗ ನೋಡಿದರು. ಅವರ ತಂದೆ ಕೂರುತ್ತಿದ್ದದ್ದು ಅಲ್ಲೇ ಎಂದು ನನಗೆ ಗೊತ್ತಿತ್ತು. ನಾನು ಆ ಮನೆಗೆ ಬರುವ ಮೊದಲೇ ಅಜ್ಜ ತೀರಿಕೊಂಡಿದ್ದರು. ಮಾವ ಆ ಜಾಗಕ್ಕೆ ಕೈ ಮುಗಿದರು. ಅಂಥ ಮೆತ್ತಗಿನ ದನಿಯನ್ನು ಅವರಿಂದ ನಾನು ಅದುವರೆಗೆ ಕೇಳಿರಲಿಲ್ಲ.

‘ಅಪ್ಪಾರ ಕೈ ಅದು. ಹೌದಿಲ್ಲೋ ಹೇಳವಾ. ಅಪ್ಪಾರು ಕೈ ಒತ್ತಿದ ಮ್ಯಾಲ ನಾ ಅಡ್ಡ ಬರಾಂವಲ್ಲ. ಹೌದು ಅನ್ನು, ನಾಳೆ ನಾನ ನಿಂತು ಸಾಮಾನು ಹೇರಿಸಿ ಕಳಸ್ತೇನಿ.’

ಮಾವನ ಹಿಂದೆ ನಿಂತ ಗಿರೀಶ ‘ಹೂಂ ಅನ್ನು, ಹೂಂ ಅನ್ನು’ ಎನ್ನುವಂತೆ ತಲೆ ಆಡಿಸುತ್ತಿದ್ದ. ಒಂದು ಶಬ್ದ ಸಾಕಿತ್ತು. ಮನೆ, ಕೆಲಸ, ಆಶೀರ್ವಾದ, ಮೂರೂ ಒಟ್ಟಿಗೆ ಸಿಗುತ್ತಿದ್ದವು.

‘ಗೊತ್ತಿಲ್ರಿ ಮಾವಾರ’ ಎಂದೆ. ‘ಅಜ್ಜಾರ ಕೈ ನಾ ಎಂದೂ ಹಿಡಿದಿಲ್ಲ. ಯಾರದಂತ ಹ್ಯಾಂಗ ಹೇಳ್ಲಿ? ಆದರ ಅದನ್ನ ಹಿಡಿದ ಕೈ ನಂದು. ಮಾತು ನಾ ಕೊಟ್ಟೇನಿ.’

ಹಟವೆಂದು ನೀವು ಅನ್ನಬಹುದು, ಅನೇಕರು ಅಂದಿದ್ದಾರೆ. ಪ್ರಯೋಗಾಲಯದಲ್ಲಿ ಕಾಣದ್ದನ್ನು ಕಂಡಿತೆಂದು ಬರೆದರೆ ರೋಗಿ ಸಾಯಬಹುದು. ಆ ಅಭ್ಯಾಸ ಕೈಗೆ ಹತ್ತಿದೆ. ಆದರೆ ಅದೊಂದೇ ಕಾರಣವಲ್ಲ. ಬದುಕಿರುವ ನಾನು ಬಾಯಿ ಬಿಟ್ಟು ತಿಂಗಳುಗಟ್ಟಲೆ ಕೇಳಿದ್ದೆ. ಕೇಳಿಸಿರಲಿಲ್ಲ. ಸತ್ತವರು ಕತ್ತಲೆಯಲ್ಲಿ ಒಮ್ಮೆ ಕೈ ಒತ್ತಿದರೆಂದರೆ ಕೇಳಿಸುತ್ತದೆ. ಆ ಒಪ್ಪಿಗೆ ನನಗೆ ಬೇಡವಾಗಿತ್ತು.

ಮಾವನ ಮುಖ ಮತ್ತೆ ಮೊದಲಿನಂತಾಯಿತು. ‘ಹಂಗಾರ ನಿನ್ನ ಕೈ ನಂಬಿ ಹೋಗು. ನನ್ನ ಒಪ್ಪಿಗಿ ಇಲ್ಲ. ಆ ಮನಿ ಹೊಸ್ತಿಲ ನಾ ತುಳಿಯಾಂವಲ್ಲ’ ಎಂದರು.

ಮಾಳಿಗೆಯ ಮೇಲೆ ಗಿರೀಶ ಜಗಳಾಡಿದ. ‘ಒಂದ ಮಾತು! ಅಜ್ಜ ಅಂದಿದ್ರ ನಿನ್ನ ಗಂಟ ಏನು ಹೋಗ್ತಿತ್ತು?’ ಆಮೇಲೆ ಕೇಳಿದ: ‘ನಾ ಅಲ್ಲೇ ಕುಂತಿದ್ರ ಕೈ ಒತ್ತತಿದ್ದೆನೋ ಇಲ್ಲೋ, ಅದನ್ನ ಕೇಳೂದಿಲ್ಲೇನು?’

‘ಕೇಳೂದಿಲ್ಲ’ ಎಂದು ಕೈ ಚಾಚಿದೆ. ‘ಈಗ ಹೇಳು.’

ಕೈಯ ಮೇಲೆ ಹೊದಿಕೆಯಿಲ್ಲ, ಸೆರಗಿನ ಮರೆಯಿಲ್ಲ. ಅವನು ನನ್ನ ಕೈ ನೋಡಿದ. ಆಮೇಲೆ ಹಿಡಿದು ಒತ್ತಿದ. ಕೆಳಗೆ ಇಳಿದುಹೋಗಿ ಅಪ್ಪನಿಗೆ ತಾನೇ ಹೇಳಿ ಬಂದ. ಏನು ಹೇಳಿದನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ತಿಂಗಳೇ ಮಿರಜಕ್ಕೆ ಬಂದೆವು.

ಆಮೇಲೆ ನಾನು ಸುಮ್ಮನೆ ಕೂತಿಲ್ಲ. ಜ್ವರದ ಭ್ರಮೆ ಎಂದು ಆಸ್ಪತ್ರೆಯ ಡಾಕ್ಟರೊಬ್ಬರು ಹೇಳಿದರು. ಇರಬಹುದು, ತಳ್ಳಿಹಾಕುವುದಿಲ್ಲ. ಆದರೆ ಭ್ರಮೆ ನನಗೆ ಗೊತ್ತಿದ್ದ ಸನ್ನೆಗಳನ್ನಷ್ಟೇ ಮಾಡಬೇಕಿತ್ತು. ಕಾಕಾನ ಚೇಷ್ಟೆಯೆಂದರೆ ಅಡಕೊತ್ತು ನಿಂತಿರಲಿಲ್ಲ. ಮಾವ ತೂಗುಮಣೆ ಬಿಟ್ಟಿರಲಿಲ್ಲ. ಅತ್ತೆಯ ಕೈಯಲ್ಲಿ ಹಿಟ್ಟಿತ್ತು. ಮರುದಿನ ನನ್ನ ಮಣಿಕಟ್ಟಿನಲ್ಲಿ ಅರಿಶಿನ ಇತ್ತೇ ಎಂದು ಗೆಳತಿಯೊಬ್ಬಳು ಕೇಳಿದಳು. ಇತ್ತು. ಆದರೆ ಅರಿಶಿನದ ಅಂಗಡಿಯವರ ಮನೆಯಲ್ಲಿ ಬಾಗಿಲ ಚಿಲಕಕ್ಕೂ ಅರಿಶಿನ ಇರುತ್ತದೆ, ಅದು ಸಾಕ್ಷಿಯಾಗದು. ಗಿರೀಶನನ್ನು ಹಾಗೆಯೇ ಎಡಕ್ಕೆ ಕೂರಿಸಿ, ಕಣ್ಣು ಮುಚ್ಚಿ, ಅದೇ ಕೌದಿಯ ಕೆಳಗೆ ಕೈ ಹಿಡಿದು ನೋಡಿದ್ದೇನೆ. ಅವನದು ಮೆತ್ತಗೆ. ಆವತ್ತಿನದು ಒಣಗಿದ ಕೈ. ಮಣಿಕಟ್ಟಿನ ಗೆರೆಗೆ ಅರ್ಥವೇನೆಂದು ಕಾಕಾ ಪೇಟೆಯ ಮುದುಕರನ್ನೆಲ್ಲ ಕೇಳಿ ಬಂದರು. ಅಂಥ ಸನ್ನೆಯೇ ಇಲ್ಲವೆಂದರಂತೆ ಅವರು.

ವರ್ಷಗಳಾದವು, ಮಾವ ಇನ್ನೂ ನಮ್ಮ ಮನೆಗೆ ಬಂದಿಲ್ಲ. ಅತ್ತೆ ಬರುತ್ತಾರೆ, ಷೇರ್ ಆಟೋದಲ್ಲಿ, ಒಬ್ಬರೇ. ಹೋದ ತಿಂಗಳು ಬಂದಿದ್ದಾಗ ಗಿರೀಶ ಅಂಗಡಿಯಲ್ಲಿದ್ದ. ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, ಅಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದರು.

‘ಆ ಕೈ ಬೆಚ್ಚಗಿತ್ತೋ, ತಣ್ಣಗಿತ್ತೋ?’

‘ಬೆಚ್ಚಗಿತ್ರಿ.’

ಯಾಕೆ ಕೇಳಿದರೋ, ಆ ಉತ್ತರದಿಂದ ಅವರಿಗೇನು ತಿಳಿಯಿತೋ ನನಗೆ ಗೊತ್ತಿಲ್ಲ. ಆಮೇಲೆ ಹೇಳಿದರು: ‘ನಿಮ್ಮ ಮಾವಾರಿಗೆ ನಾನ ಹೇಳ್ಲೇನು, ಅಕಿ ಈಗ ಒಪ್ಪ್ಯಾಳ, ಅಜ್ಜಾರ ಕೈನ ಅಂತ? ಬಂದು ಉಂಡು ಹೋಗ್ತಾರ. ಒಳಗ ಭಾಳ ಮನಸ್ಸೈತಿ ಅವರಿಗೆ.’

‘ಬ್ಯಾಡ್ರಿ ಅತ್ಯಾರ. ಬರೂದಾದ್ರ ನನ್ನ ಮಾತಿನ ಮ್ಯಾಲ ಬರಲಿ.’

‘ಅವರ ಹಟ ಒಂದ ಕಡಿ, ನಿಂದ ಒಂದ ಕಡಿ. ನಡುವ ಆಟೋದಾಂವ ಉದ್ಧಾರ ಆದ’ ಎಂದು ನಕ್ಕು, ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದರು.

ಮಾವ ಎಂದಾದರೂ ಬರುತ್ತಾರೆ ಎಂದೇ ನಾನು ತಿಳಿದಿದ್ದೇನೆ. ಬಂದವರು ಯಾರ ಕೈ ಅದು ಎಂದು ಮತ್ತೆ ಕೇಳಿದರೆ, ಗೊತ್ತಿಲ್ಲ ಎಂದೇ ಮತ್ತೆ ಹೇಳುತ್ತೇನೆ. ಹೇಳಿ, ಅವರ ತಾಟಿಗೆ ಬಿಸಿ ರೊಟ್ಟಿ ಹಾಕುತ್ತೇನೆ.