ಕೌದಿ ಫೋರಂನಲ್ಲಿ ಆಪಾ ಹೊಸಬರಾದದ್ದು

ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದರ ಬಗ್ಗೆ ನಾನೊಂದು ವೆಬ್‌ಸೈಟ್ ನಡೆಸುತ್ತೇನೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೇ ಸೀರೆ ಹಾಸಿ ಫೋಟೋ ತೆಗೆಯುವುದು, ಕೆಳಗೆ ನಾಲ್ಕು ಮಾತು ಬರೆಯುವುದು, ಅಷ್ಟೇ. ಓದಿದವರಿಗೆಲ್ಲ ಒಂದೊಂದು ಪ್ರಶ್ನೆ. ಮುಂಡರಗಿಯವರು ಕೇಳಿದ್ದನ್ನೇ ಮರುವಾರ ಶಿರಹಟ್ಟಿಯವರು ಕೇಳುವರು. ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲಿ ಎಂದು ಸೈಟಿಗೆ ಒಂದು ಫೋರಂ ಸೇರಿಸಲು ಹೊರಟೆ.

ಉತ್ತರ ಹೇಳಲು ನಾನು ನಂಬಿದ್ದು, ಅಕ್ಕ ಎನ್ನುವಂತೆ ಎಲ್ಲರೂ ಆಪಾ ಎಂದು ಕರೆಯುವ ಲಕ್ಷ್ಮೇಶ್ವರದ ಹಿರಿಯಾಕೆಯನ್ನು. ನನಗೆ ಕೌದಿ ಕಲಿಸಿದವರೇ ಅವರು. ಅವರಿಲ್ಲದಿದ್ದರೆ ಫೋರಂ ಬರೀ ಪ್ರಶ್ನೆಗಳ ಮೂಟೆ.

ಸಂತೆಯಲ್ಲಿ ಜೋಳವನ್ನು ಅಂಗೈಗೆ ಹಾಕಿಕೊಂಡು ನೋಡುವಂತೆ ಫೋರಂ ಸಾಫ್ಟ್‌ವೇರ್‌ಗಳನ್ನು ಒಂದೊಂದಾಗಿ ನೋಡಿದೆ. ಕನ್ನಡ ಅಕ್ಷರ ಒಡೆಯಬಾರದು, ಸಣ್ಣ ಫೋನಿನಲ್ಲೂ ತೆರೆಯಬೇಕು. ಕೊನೆಗೆ ಬಣ್ಣಕ್ಕೆ ಮರುಳಾಗಿ ಒಂದನ್ನು ಆರಿಸಿದೆ. ಬರೆದವರ ಹೆಸರಿನ ಕೆಳಗೆ ಅದು ತಾನಾಗಿಯೇ ಪದವಿ ಕೊಡುತ್ತಿತ್ತು. ‘ಹೊಸಬರು’, ‘ಹಿರಿಯರು’ ಎಂದು ಆ ಪದವಿಗಳನ್ನು ನಾನೇ ಖುಷಿಯಿಂದ ಕನ್ನಡಕ್ಕೆ ತಂದೆ.

ವಾರದೊಳಗೆ ಆಪಾ ಫೋನ್ ಮಾಡಿದರು.

“ತಂಗಿ, ನಾ ಯಾವಾಗ ಹೊಸಾಕಿ ಆದ್ನವಾ? ನಿನ್ನ ಮದವಿ ಆಗೂಕಿಂತ ಮೊದಲಿಂದ ಕೌದಿ ಹೊಲ್ಯಾಕತ್ತೇನಿ.”

“ಆಪಾ, ಅದನ್ನ ನಾ ಕೊಟ್ಟಿಲ್ರಿ, ಕಂಪ್ಯೂಟರ್ ಕೊಟ್ಟೈತಿ. ಭಾಳ ಸಲ ಬರದವ್ರು ಮ್ಯಾಲ ಹೋಗ್ತಾರ್ರಿ.”

“ಆ ಅಸುಂಡಿ ಊರಿನ ಹುಡುಗಿ ಬರೇ ‘ಸೂಪರ್ ಸೂಪರ್’ ಅಂತ ಬರದು ಹಿರಿಯರಾಗ್ಯಾಳ. ಸೂಜಿಗೆ ದಾರ ಪೋಣಿಸಾಕರ ಬರತೈತೇನ ಕೇಳು! ಇರ್ಲಿ ಬಿಡು. ಅಂಥ ಹಿರಿಯರು ಕುಂತಲ್ಲೆ ನಮ್ಮಂಥ ಸಣ್ಣವರದೇನ ಕೆಲಸ? ನಾ ಬರಂಗಿಲ್ಲ.”

ಪದವಿ ತೆಗೆಯಲು ಎಷ್ಟು ಹುಡುಕಿದರೂ ದಾರಿ ಸಿಗಲಿಲ್ಲ. ಚಹಾ ಕುಡಿಯುತ್ತ ಕುಳಿತಿದ್ದ ನಮ್ಮ ಮನೆಯವರು ಉಪಾಯ ಹೇಳಿದರು: “ಎಲ್ಲಾರ್ನೂ ಹಿರಿಯರು ಮಾಡಿಬಿಡು. ಆಮ್ಯಾಲ ಕೆಲಸಾ ಮಾಡವ್ರು ಯಾರೂ ಉಳ್ಯಂಗಿಲ್ಲ ನೋಡು.”

ಆ ಸಾಫ್ಟ್‌ವೇರನ್ನೇ ಬಿಟ್ಟೆ. ಮೊದಲು ಸಪ್ಪೆ ಎಂದು ತಳ್ಳಿದ್ದ ಇನ್ನೊಂದನ್ನು ಹಾಕಿದೆ. ಅದರಲ್ಲಿ ಹೆಸರು, ಊರು, ಮಾತು ಬಿಟ್ಟರೆ ಬೇರೇನಿಲ್ಲ. ಆಪಾ ಅವರಿಗೆ ತಿಳಿಸಿದಾಗ “ನೋಡೂಣು” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಕೌದಿಯ ಮೂಲೆ ಮಡಚುವುದು ಹೇಗೆಂದು ಮುಂಡರಗಿಯವರೊಬ್ಬರು ಕೇಳಿದ ಪ್ರಶ್ನೆ ಹಾಗೇ ಬಿದ್ದಿತ್ತು. ನನಗೆ ಗೊತ್ತಿದ್ದರೂ ಆಪಾ ಬರೆಯಲೆಂದು ಕೈ ಬಿಗಿಹಿಡಿದೆ. ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಫೋನ್ ಟಿಂಗ್ ಎಂದಿತು. ಹಿಟ್ಟಿನ ಕೈಯಲ್ಲೇ ನೋಡಿದೆ. ಆಪಾ ಫೋಟೋ ಹಾಕಿದ್ದರು: ಬಟ್ಟೆಯ ಮೂಲೆ, ಅದನ್ನು ಒತ್ತಿಹಿಡಿದ ಅವರ ಕಾಲಿನ ಹೆಬ್ಬೆರಳು. ಕೆಳಗೆ, “ಹಿಂಗ ಮಡಚ್ರವಾ, ಜಗ್ಗಬ್ಯಾಡ್ರಿ.”

ಮುಂಡರಗಿಯವರು ಕೂಡಲೇ ಬರೆದರು: “ತಿಳೀತ್ರಿ ಆಪಾ. ಉಗರಿಗೆ ಮೆಹಂದಿ ಎಷ್ಟ ಕೆಂಪಗ ಹತ್ತೈತ್ರಿ! ಏನ ಕಲಸಿದ್ರಿ?”

ವಿಷಯ ಬಿಟ್ಟ ಮಾತನ್ನು ಅಳಿಸುವ ಗುಂಡಿ ನನ್ನ ಬಳಿ ಇತ್ತು. ಅಷ್ಟರಲ್ಲಿ ಆಪಾ ಉತ್ತರ ಬರೆಯತೊಡಗಿದ್ದರು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕಿದೆ.