ರೊಟ್ಟಿ ಬಡಿಯುವ ಕಟ್ಟೆಯ ಎತ್ತರ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಎಂಜಿನಿಯರಿಂಗ್ ಓದುವಾಗ ರಜೆಯಲ್ಲಿ ಇಟ್ಟಿಗೆ ಹೊತ್ತು ಫೀಸು ಕಟ್ಟಿದವನು; ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ನಕ್ಷೆ ಓದುತ್ತಲೇ ನಿವೃತ್ತನಾದೆ. ಆಮೇಲೆ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಕೊಡುವ ಸಂಘವೊಂದರ ಜೊತೆ ನಗರದಂಚಿನ ಉಪ್ಪಲ್‌ನ ಆಚೆ ವಾರಕ್ಕೆ ಮೂರು ದಿನ ಪುಕ್ಕಟೆ ದುಡಿಯಲು ಹೋಗತೊಡಗಿದೆ. ಮನೆ ಯಾರದೋ ಅವರೂ ನಮ್ಮ ಜೊತೆ ಕೈಹಚ್ಚಬೇಕು ಎಂಬುದು ಅಲ್ಲಿಯ ನಿಯಮ.

ನನ್ನ ಪಾಲಿಗೆ ಬಂದ ಮೊದಲ ಮನೆ ಜಹೀರಾಬಾದ್ ಕಡೆಯ ಹೆಣ್ಣುಮಗಳೊಬ್ಬಳದು. ಗಂಡ ಇರಲಿಲ್ಲ. ದಿನಾ ಜೋಳದ ರೊಟ್ಟಿ ಬಡಿದು, ಸಂಜೆ ಮೆಟ್ರೋ ಸ್ಟೇಷನ್ನಿನ ಕೆಳಗೆ ಮಾರಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಗಡಿಸೀಮೆಯವಳು, ಕನ್ನಡ ಬರುತ್ತಿತ್ತು; ನನ್ನನ್ನು ಕಾಕಾ ಎನ್ನುತ್ತಿದ್ದಳು.

ಅಡಿಗೆಮನೆಯ ಮೇಲೆ ನನಗೆ ವಿಶೇಷ ಆಸ್ಥೆ. ನಮ್ಮವ್ವ ಜೀವನವಿಡೀ ನೆಲದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಂಡಿ ಕಳೆದುಕೊಂಡಳು. ಈಕೆ ಹಾಗಾಗಬಾರದು, ನಿಂತು ಅಡಿಗೆ ಮಾಡಬೇಕು. ನಕ್ಷೆಯಲ್ಲಿದ್ದ ಎತ್ತರಕ್ಕೆ ಕೂದಲೆಳೆಯೂ ತಪ್ಪದಂತೆ ಮೇಸ್ತ್ರಿಯಿಂದ ಇಟ್ಟಿಗೆ ಕಟ್ಟಿಸಿ, ಮೇಲೆ ಕಡಪಾ ಕಲ್ಲು ಕೂರಿಸಿದೆ.

ಮರುದಿನ ನನ್ನ ಹೆಂಡತಿ ಬುತ್ತಿ ತಂದಿದ್ದಳು. ಹುರುಪಿನಲ್ಲಿ ಮನೆಯಾಕೆಗೆ, "ತಂಗೀ, ಒಂದ್ ರೊಟ್ಟಿ ಬಡದು ನೋಡವಾ" ಎಂದೆ. ಆಕೆ ಹಿಟ್ಟು ಉದುರಿಸಿ, ಉಂಡೆ ಇಟ್ಟು ಬಡಿದಳು.

"ಹೆಂಗೈತಿ?"

"ಭಾಳ ಚಲೋ ಅದ ಕಾಕಾ."

ನಾನು ಹಿಗ್ಗಿದೆ. ಹೆಂಡತಿ ಮಾತ್ರ ನೆಲವನ್ನೇ ನೋಡುತ್ತಿದ್ದಳು.

"ಏನ್ ಚಲೋ? ಆಕಿ ಹಿಮ್ಮಡ ನೋಡ್ರಿ! ತುದಿಗಾಲ ಮ್ಯಾಲೆ ನಿಂತಾಳ. ರೊಟ್ಟಿಗೆ ಮೈಭಾರ ಮ್ಯಾಲಿಂದ ಬೀಳಬೇಕು. ದೊಡ್ಡ ಎಂಜಿನಿಯರ್ ಅಂತ, ಒಂದ್ ದಿನಾನರ ರೊಟ್ಟಿ ಬಡದೀರೇನು?"

ರೊಟ್ಟಿಯಾಕೆ ನಾಲಿಗೆ ಕಚ್ಚಿಕೊಂಡಳು. "ಹೋಗ್ಲಿ ಬಿಡ್ರಿ ಕಾಕೂ, ರೂಢಿ ಆಗ್ತದ."

"ದಿನಾ ಎಷ್ಟ್ ಬಡೀತಿ?" ನನ್ನ ಹೆಂಡತಿ ಕೇಳಿದಳು.

"ನೂರರ ಮ್ಯಾಲೇ ಆಗ್ತಾವ."

ನೂರು ರೊಟ್ಟಿ, ತುದಿಗಾಲಲ್ಲಿ. ತಿಂಗಳೊಪ್ಪತ್ತಿನಲ್ಲಿ ಈಕೆಯ ಭುಜ ಹಿಡಿದುಕೊಂಡರೆ ಆ ಮಕ್ಕಳ ಗತಿಯೇನು ಎಂದು ಆಗ ಹೊಳೆಯಿತು. "ಕಟ್ಟೂವಾಗ ಯಾಕ ಹೇಳಲಿಲ್ಲವಾ?" ಎಂದು ಕೇಳಿದೆ.

"ನೀವು ಓದಿದವರು. ಕಾಗದ ನೋಡಿ ಕಟ್ಟಸಾಕತ್ತಿದ್ರಿ. ನಾ ಏನ್ ಹೇಳ್ಲಿ?"

ಕಾಲೇಜಿನ ಮೊದಲ ವರ್ಷ ಪಾಠ ತಿಳಿಯದಿದ್ದರೂ ನಾನು ಹೀಗೇ ತಲೆಯಾಡಿಸುತ್ತ ಕೂತಿದ್ದೆ. ಓದಿದವರ ಎದುರು ಬಾಯಿ ಕಟ್ಟುವುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ಕಲ್ಲು ಕಿತ್ತು ಕಟ್ಟೆ ತಗ್ಗಿಸಬೇಕು ಎಂದಾಗ ಮೇಸ್ತ್ರಿ ಸಿಡಿದ. "ನಕ್ಷಾ ತುಮೀಚ್ ದಿಖಾಯೆ ನಾ ಸಾಬ್!"

ನಕ್ಷೆ ತೋರಿಸಿದ್ದು ನಾನೇ, ಸುಳ್ಳಲ್ಲ. ಅದಕ್ಕೇ ಉಳಿ ಸುತ್ತಿಗೆ ನಾನೇ ಹಿಡಿದೆ. ಸಿಮೆಂಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ, ಕಲ್ಲು ಒಡೆಯದೆ ಬಂತು. ಒಂದು ವರಸೆ ಇಟ್ಟಿಗೆ ತೆಗೆದು, ಕಲ್ಲನ್ನು ಸುಮ್ಮನೆ ಮೇಲಿಟ್ಟೆವು. ಆಕೆ ಖಾಲಿ ಕೈಯಲ್ಲೇ ನಾಲ್ಕು ಸಲ ಬಡಿದಳು. ನನ್ನ ಹೆಂಡತಿಯ ಮುಖ ನೋಡಿದಳು, ಆಮೇಲೆ ನನ್ನದು.

"ಇನ್ನೊಂದ್ ವರಸಿ ತೆಗೀರಿ ಕಾಕಾ."

ತೆಗೆದೆವು. ಈ ಸಲ ಅವಳ ತೋಳು ಭುಜದಿಂದ ಸಲೀಸಾಗಿ ಇಳಿಯಿತು. ಮೇಸ್ತ್ರಿ ಕಲಸಿದ ಸಿಮೆಂಟು ಹಾಕುತ್ತಿದ್ದಾಗ ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಂದಿನ ಗೋಡೆಯತ್ತ ನಡೆದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಈ ಕಿಡಕಿನೂ ಒಂದೀಟ್ ಸರೀಬೇಕ್ ನೋಡ್ರಿ. ಗಾಳಿ ಸೀದಾ ಒಲಿ ಮ್ಯಾಲೇ ಬರ್ತದ."

ಮೇಸ್ತ್ರಿ ಕರಣೆ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತ. ನಾನು ಟೇಪು ತೆಗೆದುಕೊಂಡು ಅವಳ ಹಿಂದೆ ಹೋದೆ.