ಮಜ್ಜಿಗೆ ಚೊಂಬು

ನಮ್ಮ ಭಾವನ ಎಡಗೈ ಮಣಿಕಟ್ಟಿನ ಮೇಲೆ ನಾಲ್ಕಾಣೆಯಷ್ಟಗಲ ಸುಟ್ಟ ಕಲೆ ಇತ್ತು. ಎಳೇ ವಯಸ್ಸಲ್ಲಿ ಕಾಮಾಲೆ ಬಂದಾಗ ಹಾಕಿಸಿದ ಬರೆ. ಕಣ್ಣು ಬೆಳ್ಳಗಾಯಿತು, ಕಾಯಿಲೆ ಹೋಯಿತು ಅಂದರು ಎಲ್ಲರೂ.

ಭಾವ ಅಂದರೆ ನನ್ನ ಗಂಡನ ಅಣ್ಣ. ಪೀಣ್ಯದ ಕಾರ್ಖಾನೇಲಿ ಲೇತ್ ಓಡಿಸೋರು. ನಾನು ಆ ಮನೆಗೆ ಬಂದಾಗ ಹೆಬ್ಬೆಟ್ಟು. ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದು ಅಕ್ಷರ ಕಲಿಸಿದೋರು ಅವರೇ. "ತಪ್ಪಾದ್ರೆ ಒರೆಸು, ಅಳ್ಬೇಡ ಕಣಮ್ಮ" ಅನ್ನೋರು. ಹೆಂಡ ಅಂದರೆ ಮೂಗು ಮುಚ್ಚೋರು. ಆಯುಧಪೂಜೆ ದಿನ ಜೊತೆಯವರು ಬಾಟ್ಲಿ ಎತ್ತಿದರೆ, ಇವರು ಮನೆಯಿಂದ ಒಯ್ದ ಮಜ್ಜಿಗೆ ಚೊಂಬು ಎತ್ತೋರು.

ನಲವತ್ತು ದಾಟಿದ ಮೇಲೆ ಹೊಟ್ಟೆ ಉಬ್ಬಿತು, ಮೈ ಒಣಗಿತು. ದೊಡ್ಡಾಸ್ಪತ್ರೆ ಡಾಕ್ಟರು ರಕ್ತ ನೋಡಿ, "ಕುಡೀತಿದ್ರಾ?" ಅಂದರು.

"ತೊಟ್ಟೂ ಇಲ್ಲ ಸಾರ್" ಅಂದೆ.

"ಹಂಗಾದ್ರೆ ಇದು ಬಿ ಅನ್ನೋ ಕಾಮಾಲೆ ಕೆಲಸ. ಹಳದಿ ಹೋದ್ರೂ ಕೆಲವರ ಲಿವರಲ್ಲಿ ಕೂತೇ ಇರುತ್ತೆ. ಎಲ್ಲರಿಗೂ ಹಿಂಗಾಗಲ್ಲ. ಇವರಿಗೆ ಕ್ಯಾನ್ಸರ್ ಗೆಡ್ಡೆ ಆಗಿದೆ."

ಊರಲ್ಲಿ ಮಾತು ಬೇರೆಯೇ ಹರಡಿತು: ಕದ್ದು ಕುಡೀತಿದ್ದ, ಲಿವರ್ ಹೋಯ್ತು. ಹರಡಿಸಿದವನು ನಮ್ಮ ದಾಯಾದಿ. ಭಾವನ ಮಗಳಿಗೆ ಗೊತ್ತುಮಾಡಿದ್ದ ಗಂಡನ್ನು ತನ್ನ ಮಗಳಿಗೆ ತಿರುಗಿಸಿಕೊಳ್ಳೋ ಆಸೆ ಆ ಮುಂಡೇದಕ್ಕೆ. ಭಾವನ ಕಿವಿಗೂ ಬಿತ್ತು.

"ಸಾಯೋದು ಸಾಯ್ತೀನಿ. ಕುಡುಕ ಅನ್ನಿಸ್ಕೊಂಡು ಸಾಯ್ಬೇಕೇನಮ್ಮ?" ಅಂದರು. ಹಂಗೇ ಸತ್ತರು.

ತಿಥಿ ದಿನ ಸತ್ತವರಿಗೆ ಇಷ್ಟವಾದದ್ದನ್ನ ಎಡೆ ಇಡೋದು ನಮ್ಮ ಪದ್ಧತಿ. ಗಂಡಿನ ಕಡೆಯವರೂ ಬಂದು ಕೂತಿದ್ದರು. ದಾಯಾದಿ ಬ್ರಾಂದಿ ಬಾಟ್ಲಿ ತಂದು ಎಡೆ ಪಕ್ಕ ಇಟ್ಟ. "ಅಣ್ಣಂಗೆ ಇದೇ ಇಷ್ಟ, ಪಾಪ" ಅಂದ. ಎತ್ತಿ ತಿಪ್ಪೆಗೆ ಎಸೆದೆ. ಎಸೆದೇನು ಬಂತು, ನೋಡುವವರು ನೋಡಿಯಾಗಿತ್ತು. ಸಂಬಂಧ ಮುರೀತು. ಗಂಡು ಅವನ ಅಳಿಯನಾದ.

ಕಾದೆ. ಆ ದಾಯಾದಿಯೂ ಸತ್ತ, ಕುಡಿದೇ ಸತ್ತ. ತಿಥಿಗೆ ಭಾವನ ಚೊಂಬಿನ ತುಂಬ ಮಜ್ಜಿಗೆ ಒಯ್ದೆ. ಅವನ ಬೀಗರ ಎದುರಿಗೇ, ಅಲ್ಲಿಟ್ಟಿದ್ದ ಬಾಟ್ಲಿ ಸರಿಸಿ ಚೊಂಬನ್ನ ಎಡೆಗೆ ಇಟ್ಟೆ.

"ಅವ್ರು ಮಜ್ಜಿಗೆ ಮುಟ್ತಿರ್ಲಿಲ್ಲ ಕಣಕ್ಕ" ಅಂದಳು ಅವನ ಹೆಂಡತಿ.

"ನಮ್ಮ ಭಾವನೂ ಬ್ರಾಂದಿ ಮುಟ್ತಿರ್ಲಿಲ್ಲ ಕಣೇ" ಅಂದೆ. ಬೀಗರು ನೆಲ ನೋಡಿದರು. ನನ್ನ ಹೊಟ್ಟೆ ತಣ್ಣಗಾಯಿತು.

ಇನ್ನೊಂದು ಬಾಕಿ ಇತ್ತು. ಭಾವ ಕಲಿಸಿದ ಅಕ್ಷರದಲ್ಲೇ ಬರೀತಿದೀನಿ: ನಮ್ಮ ಭಾವ ಕುಡುಕ ಅಲ್ಲ. ಇದರಲ್ಲಿ ತಪ್ಪಿಲ್ಲ. ಒರೆಸೋದಿಲ್ಲ.